ಪೌಲನ ಬಂಧನ ಮತ್ತು ವಿಚಾರಣೆ: ನಾಲ್ಕು ಕೂಟಗಳಲ್ಲಿ ಓದಿಸುವ ಬಗೆ

ಬೈಬಲಿನ ಹೊಸ ಒಡಂಬಡಿಕೆಯ ಪುಸ್ತಕವಾದ ಅಪೊಸ್ತಲರ ಕೃತ್ಯಗಳಲ್ಲಿ 21:17ರಿಂದ 26:32ರವರೆಗೆ ಒಟ್ಟು 175 ವಚನಗಳು. ಬೈಬಲ್ ಅಧ್ಯಯನದ ಗುಂಪುಗಳು ಇಲ್ಲಿಗೆ ಬರುವ ಹೊತ್ತಿಗೆ ದಣಿದಿರುತ್ತವೆ. ಯೇಸುವಿನ ಸಂದೇಶ ಸಾರುತ್ತಿದ್ದ ಪೌಲನನ್ನು ಹಿಡಿದರು, ಅವನು ಸಾಕ್ಷಿ ಹೇಳಿದ, ರೋಮಿಗೆ ಹೊರಟ ಎಂದು ಒಂದೇ ವಾರದಲ್ಲಿ ಮುಗಿಸಿಬಿಡುತ್ತವೆ. ಹಾಗೆ ಓಡಿಸಿದರೆ ಐದು ಭಾಷಣಗಳು ಒಂದೇ ಭಾಷಣದಂತೆ ಕೇಳಿಸುತ್ತವೆ, ಒಬ್ಬನ ನಂತರ ಒಬ್ಬನಾಗಿ ಬಂದ ರೋಮನ್ ದೇಶಾಧಿಪತಿಗಳಾದ ಫೇಲಿಕ್ಸನೂ ಫೆಸ್ತನೂ ಒಬ್ಬನೇ ಆಗಿಬಿಡುತ್ತಾರೆ.

ಈ ಆರು ಅಧ್ಯಾಯಗಳನ್ನು ಮೊಕದ್ದಮೆಯ ಕಡತದಂತೆ ಓದಿಸಬೇಕು. ಕಡತ ಒಬ್ಬ ಅಧಿಕಾರಿಯಿಂದ ಇನ್ನೊಬ್ಬನ ಮೇಜಿಗೆ ಹೋದಂತೆಲ್ಲ ಅದರೊಳಗಿನ ಆರೋಪ ಬೇರೆ ರೂಪ ತಳೆಯುತ್ತದೆ. ಆ ಬದಲಾವಣೆಯನ್ನು ಹಿಡಿದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಕೆಳಗಿನ ಕ್ರಮ ಎಂಟರಿಂದ ಹದಿನೈದು ಜನರ ಗುಂಪಿಗೆ, ತಲಾ 90 ನಿಮಿಷದ ನಾಲ್ಕು ಕೂಟಗಳಿಗೆ ಹೊಂದುತ್ತದೆ.

ಮೊದಲು ಸಿದ್ಧವಾಗಬೇಕಾದದ್ದು

ಗೋಡೆಗೆ ಅಂಟಿಸುವ ಒಂದು ದೊಡ್ಡ ಹಾಳೆ ಬೇಕು. ಅದರಲ್ಲಿ ಐದು ಖಾನೆ ಎಳೆಯಿರಿ: ಯಾರ ಮುಂದೆ, ಆರೋಪ ಮಾಡುವವರು ಯಾರು, ಆರೋಪವೇನು, ಸಾಕ್ಷಿ ಯಾರು, ಏನಾಯಿತು. ನಾಲ್ಕೂ ಕೂಟಗಳಿಗೆ ಇದೇ ಹಾಳೆ. ಪ್ರತಿ ವಾರ ಹೊಸದು ಬರೆದರೆ ಹಿಂದಿನ ಆರೋಪದ ಪಕ್ಕದಲ್ಲಿ ಇಂದಿನದನ್ನು ಇಟ್ಟು ನೋಡಲಾಗುವುದಿಲ್ಲ, ಕೆಲಸವೇ ಕೆಡುತ್ತದೆ. ಇದಲ್ಲದೆ ಸೀಮೆಸುಣ್ಣ ಮತ್ತು 16 ಮೀಟರ್ ದಾರ ಇರಲಿ.

ಗುಂಪಿನಲ್ಲಿ ಕಥೋಲಿಕರೂ ಇದ್ದರೆ ಅವರ ಬೈಬಲಿನಲ್ಲಿ ಈ ಪುಸ್ತಕದ ಹೆಸರು ‘ಪ್ರೇಷಿತರ ಕಾರ್ಯಕಲಾಪಗಳು’ ಎಂದಿರುತ್ತದೆ. ಅಧ್ಯಾಯ, ವಚನದ ಸಂಖ್ಯೆಗಳು ಒಂದೇ. ತೊಡಕಿರುವುದು ಒಂದು ಕಡೆ ಮಾತ್ರ: 24:7 ಕೆಲವು ಆವೃತ್ತಿಗಳಲ್ಲಿ ಇರುವುದಿಲ್ಲ ಅಥವಾ ಅಡಿಟಿಪ್ಪಣಿಯಲ್ಲಿರುತ್ತದೆ. ಹಳೆಯ ಮುಖ್ಯ ಹಸ್ತಪ್ರತಿಗಳಲ್ಲಿ ಆ ಸಾಲುಗಳಿಲ್ಲ. ಮೂರನೇ ಕೂಟದಲ್ಲಿ ಇದು ಮತ್ತೆ ಬರುತ್ತದೆ.

ಹೆಸರುಗಳ ಗೊಂದಲವನ್ನು ಮೊದಲ ದಿನವೇ ತೀರಿಸಿ. ಈ ಪುಸ್ತಕದಲ್ಲಿ ಮೂವರು ಅನನೀಯರಿದ್ದಾರೆ. 5ನೇ ಅಧ್ಯಾಯದಲ್ಲಿ ಸಪ್ಫೈರಳ ಗಂಡ, 9 ಮತ್ತು 22ರಲ್ಲಿ ಪೌಲನಿಗೆ ಕಣ್ಣು ಬರಿಸುವ ದಮಸ್ಕದ ಶಿಷ್ಯ, 23 ಮತ್ತು 24ರಲ್ಲಿ ಮಹಾಯಾಜಕ, ಪೌಲನ ಬಾಯಿಗೆ ಹೊಡೆಯಲು ಹೇಳುವವನು. ದಮಸ್ಕದವನೂ ಮಹಾಯಾಜಕನೂ ಒಂದು ಅಧ್ಯಾಯದ ಅಂತರದಲ್ಲೇ ಬರುವುದರಿಂದ ‘ಕಣ್ಣು ಕೊಟ್ಟವನೇ ಯಾಕೆ ಹೊಡೆಸಿದ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹಾಗೆಯೇ 25ನೇ ಅಧ್ಯಾಯದ ರಾಜ ಅಗ್ರಿಪ್ಪ, ಅವನ ತಂಗಿ ಬೆರ್ನಿಕೆ, ಫೇಲಿಕ್ಸನ ಹೆಂಡತಿ ದ್ರೂಸಿಲ್ಲ, ಈ ಮೂವರೂ 12ನೇ ಅಧ್ಯಾಯದಲ್ಲಿ ಸಾಯುವ ಹೆರೋದನ ಮಕ್ಕಳು.

ಮೊದಲ ಕೂಟಕ್ಕೆ ಬರುವ ಮುನ್ನ ಎಲ್ಲರೂ 18:12–17 ಓದಿಕೊಂಡು ಬರಲಿ. ಆರೇ ವಚನ, ಆದರೆ ಮುಂದಿನದಕ್ಕೆಲ್ಲ ಬೀಗದಕೈ ಅಲ್ಲಿದೆ. ಕೊರಿಂಥದಲ್ಲಿ ಪೌಲನನ್ನು ರೋಮನ್ ಅಧಿಪತಿ ಗಲ್ಲಿಯೋನನ ನ್ಯಾಯಪೀಠದ ಮುಂದೆ ತರುತ್ತಾರೆ. ಯೆಹೂದ್ಯರ ಧರ್ಮಶಾಸ್ತ್ರಕ್ಕೆ ವಿರುದ್ಧವಾಗಿ ಕಲಿಸುತ್ತಾನೆಂಬುದು ದೂರು. ಪೌಲ ಬಾಯಿ ತೆರೆಯುವುದರೊಳಗೆ ಗಲ್ಲಿಯೋನ ಮಾತು ಮುಗಿಸುತ್ತಾನೆ: ಅಪರಾಧವಾದರೆ ಕೇಳುತ್ತೇನೆ, ನಿಮ್ಮ ಶಾಸ್ತ್ರದ ಜಗಳವಾದರೆ ನೀವೇ ನೋಡಿಕೊಳ್ಳಿ. ಡೆಲ್ಫಿಯಲ್ಲಿ ಸಿಕ್ಕ ಚಕ್ರವರ್ತಿ ಕ್ಲೌದ್ಯನ ಶಾಸನವೊಂದು ಗಲ್ಲಿಯೋನನನ್ನು ಹೆಸರಿಸುವುದರಿಂದ ಅವನ ಅಧಿಕಾರಾವಧಿ ಕ್ರಿ.ಶ. 51–52ರ ಆಸುಪಾಸು ಎಂದು ಗೊತ್ತಾಗಿದೆ. ಪೌಲನ ಕಾಲಗಣನೆಗೆ ಇಷ್ಟು ಗಟ್ಟಿಯಾದ ಗೂಟ ಬೇರೊಂದಿಲ್ಲ. ಬರೀ ಧಾರ್ಮಿಕ ದೂರು ರೋಮನ್ ನ್ಯಾಯಪೀಠದಲ್ಲಿ ನಿಲ್ಲುವುದಿಲ್ಲ ಎಂಬುದು ಓದುವವರ ತಲೆಯಲ್ಲಿ ಮೊದಲೇ ಕೂತಿರಲಿ.

ಮೊದಲ ಕೂಟ: ದೇವಾಲಯದ ಅಂಗಳ (21:17–22:29)

53 ವಚನ. ಗಟ್ಟಿಯಾಗಿ ಓದಲು ಹತ್ತು ಹನ್ನೆರಡು ನಿಮಿಷ ಸಾಕು. ಓದುವ ಮೊದಲು ನೆಲದ ಮೇಲೆ ಅಂಗಳ ಬರೆಯಿರಿ. ಮಹಾ ಹೆರೋದನು (12ನೇ ಅಧ್ಯಾಯದ ಹೆರೋದನ ಅಜ್ಜ) ಕಟ್ಟಿಸಿದ ದೇವಾಲಯದ ಜಗಲಿಯ ಪಶ್ಚಿಮ ಬದಿ ಸುಮಾರು 490 ಮೀಟರ್, ಪೂರ್ವ 470, ಉತ್ತರ 315, ದಕ್ಷಿಣ 280. ನೂರರಲ್ಲಿ ಒಂದರ ಅಳತೆಯಲ್ಲಿ 4.9, 4.7, 3.15, 2.8 ಮೀಟರ್ ಆಗುತ್ತದೆ, 16 ಮೀಟರ್ ದಾರ ಸುತ್ತಲೂ ಸಾಲುತ್ತದೆ. ವಾಯವ್ಯ ಮೂಲೆಯಲ್ಲಿ ಒಂದು ಕುರ್ಚಿ ಇಡಿ, ಅದು ಅಂತೋನಿಯ ಕೋಟೆ, ರೋಮನ್ ಪಟಾಲಂ ಇದ್ದ ಜಾಗ. ಅಲ್ಲಿಂದ ಅಂಗಳಕ್ಕೆ ಮೆಟ್ಟಿಲು. ನಡುವೆ ಸೀಮೆಸುಣ್ಣದಲ್ಲಿ ಇನ್ನೊಂದು ಚೌಕ ಹಾಕಿ. ಅದು ಅನ್ಯಜನರು, ಅಂದರೆ ಯೆಹೂದ್ಯರಲ್ಲದವರು, ದಾಟಬಾರದ ತಡೆಗೋಡೆ, ಎತ್ತರ ಮೂರು ಮೊಳ ಎಂದು ಮೊದಲ ಶತಮಾನದ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಬರೆಯುತ್ತಾನೆ. ದಾಟಿ ಸಿಕ್ಕಿಬಿದ್ದವನ ಸಾವಿಗೆ ಅವನೇ ಹೊಣೆ ಎಂದು ಗ್ರೀಕ್ ಭಾಷೆಯಲ್ಲಿ ಕೆತ್ತಿದ ಎಚ್ಚರಿಕೆಯ ಕಲ್ಲುಗಳು ಅಲ್ಲಿದ್ದವು. 1871ರಲ್ಲಿ ಸಿಕ್ಕ ಪೂರ್ತಿ ಕಲ್ಲು ಈಗ ಇಸ್ತಾಂಬುಲ್‌ನ ಪುರಾತತ್ವ ಸಂಗ್ರಹಾಲಯದಲ್ಲಿದೆ. ಮರಣದಂಡನೆಯ ವಿಷಯದಲ್ಲಿ ರೋಮಿನವರು ಯೆಹೂದ್ಯರಿಗೆ ಬಿಟ್ಟುಕೊಟ್ಟದ್ದು ಬಹಳ ಕಡಿಮೆ. ಈ ಗೋಡೆ ದಾಟಿದವನ ವಿಷಯದಲ್ಲಿ ಮಾತ್ರ, ಅವನು ರೋಮನ್ನನಾಗಿದ್ದರೂ, ಕೊಲ್ಲಲು ಬಿಟ್ಟಿದ್ದೇವೆ ಎಂದು ಮುಂದೆ ಯೆರೂಸಲೇಮಿಗೆ ಮುತ್ತಿಗೆ ಹಾಕಿದ ರೋಮನ್ ಸೇನಾಪತಿ ತೀತನೇ ಹೇಳಿದನೆಂದು ಜೋಸೆಫಸ್ ದಾಖಲಿಸುತ್ತಾನೆ. ಅಂದರೆ ಪೌಲನ ಮೇಲೆ ಬಿದ್ದದ್ದು ಜೀವ ತೆಗೆಯಬಲ್ಲ ಆರೋಪ.

ಈಗ ಓದಿಸಿ. ನಿರೂಪಕ, ಪೌಲ, ಸಹಸ್ರಾಧಿಪತಿ (ಕೋಟೆಯ ರೋಮನ್ ಪಟಾಲಮಿನ ಮುಖ್ಯಸ್ಥ), ಗುಂಪು ಎಂದು ನಾಲ್ಕು ಧ್ವನಿಗಳು. ಗುಂಪಿನ ಪಾತ್ರಕ್ಕೆ ‘ಯೆಹೂದ್ಯರು’ ಎಂದು ಹೆಸರಿಡಬೇಡಿ. ಪೌಲ ಯೆಹೂದ್ಯ, ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬ ಯೆಹೂದ್ಯ, ಸಂಚನ್ನು ತಿಳಿಸಿ ಸೋದರಮಾವ ಪೌಲನ ಜೀವ ಉಳಿಸುವ ಹುಡುಗನೂ ಯೆಹೂದ್ಯ. ಗಲಭೆ ಎಬ್ಬಿಸಿದವರು ಆಸ್ಯ ಸೀಮೆಯಿಂದ (ಇಂದಿನ ಪಶ್ಚಿಮ ಟರ್ಕಿ) ಬಂದ ಕೆಲವರು ಎಂದು 21:27 ಖಚಿತವಾಗಿ ಹೇಳುತ್ತದೆ. ಈ ಅಧ್ಯಾಯಗಳನ್ನು ‘ಯೆಹೂದ್ಯರು ವಿರುದ್ಧ ಕ್ರೈಸ್ತರು’ ಎಂದು ಓದಿಸಿದರೆ ಇತಿಹಾಸವೂ ತಪ್ಪು, ಪಾಠವೂ ತಪ್ಪು. ಇನ್ನೂ ಒಂದು ಮಾತು: ಪೌಲನು ಧರ್ಮಶಾಸ್ತ್ರ ಬಿಡಿಸುತ್ತಾನೆಂಬ ಸುದ್ದಿ ಮೊದಲು ಓಡಾಡಿದ್ದು ಯೇಸುವನ್ನು ನಂಬಿದ ಯೆಹೂದ್ಯರ ನಡುವೆಯೇ (21:20–21). ಇದನ್ನು ಯಾರಾದರೂ ಗಮನಿಸಿದರೆ ಆ ಕೂಟ ಗೆದ್ದಂತೆ.

ಸುದ್ದಿಯನ್ನು ಸುಳ್ಳೆಂದು ತೋರಿಸಲು ಯಾಕೋಬನು ಹೇಳಿಕೊಟ್ಟ ಉಪಾಯಕ್ಕೆ ಎಷ್ಟು ಖರ್ಚು ತಗಲುತ್ತದೆ ಎಂದು ಲೆಕ್ಕ ಹಾಕಿಸಿ. ಹರಕೆ ಹೊತ್ತ ನಾಲ್ವರ ವೆಚ್ಚವನ್ನು ಪೌಲ ಕೊಡಬೇಕು. ಅರಣ್ಯಕಾಂಡ 6:14–15ರ ಪ್ರಕಾರ ನಾಜೀರ ವ್ರತ ಮುಗಿಸುವ ಒಬ್ಬನಿಗೆ ಒಂದು ಗಂಡು ಕುರಿಮರಿ, ಒಂದು ಹೆಣ್ಣು ಕುರಿಮರಿ, ಒಂದು ಟಗರು, ಜೊತೆಗೆ ಹುಳಿಯಿಲ್ಲದ ರೊಟ್ಟಿ, ಧಾನ್ಯ, ದ್ರಾಕ್ಷಾರಸ. ನಾಲ್ವರಿಗೆ ಹನ್ನೆರಡು ಪ್ರಾಣಿಗಳು. ಊರೆಲ್ಲ ನೋಡುವಂತೆ ಶಾಸ್ತ್ರ ಪಾಲಿಸುತ್ತಿದ್ದ ಹೊತ್ತಿನಲ್ಲೇ ಶಾಸ್ತ್ರದ್ರೋಹಿ ಎಂದು ಅವನನ್ನು ಹಿಡಿದರು.

ಹಾಳೆಯ ಮೊದಲ ಸಾಲು ತುಂಬಿಸುವಾಗ 21:28–29ರ ಮೇಲೆ ನಿಲ್ಲಿ. ಆರೋಪ ಎರಡು: ಎಲ್ಲೆಡೆ ಜನಕ್ಕೂ ಶಾಸ್ತ್ರಕ್ಕೂ ಈ ಸ್ಥಳಕ್ಕೂ ವಿರುದ್ಧವಾಗಿ ಕಲಿಸುತ್ತಾನೆ, ಗ್ರೀಕರನ್ನು ಒಳಗೆ ಕರೆತಂದಿದ್ದಾನೆ. ಸಾಕ್ಷಿ? ಯೆಹೂದ್ಯನಲ್ಲದ ಎಫೆಸದ ತ್ರೊಫಿಮನನ್ನು ಪಟ್ಟಣದಲ್ಲಿ ಪೌಲನ ಜೊತೆ ಕಂಡಿದ್ದರು, ದೇವಾಲಯದೊಳಕ್ಕೂ ತಂದಿರಬೇಕೆಂದು ನೆನಸಿದರು. ಸಾಕ್ಷಿಯ ಖಾನೆಯಲ್ಲಿ ‘ಊಹೆ’ ಎಂದು ಬರೆಯಿರಿ.

ಸಹಸ್ರಾಧಿಪತಿ ಅಷ್ಟು ಬೇಗ ಓಡಿಬಂದದ್ದೇಕೆ ಎಂದು ಕೇಳುತ್ತಾರೆ. ಪೌಲ ಬಂದದ್ದು ಪಂಚಾಶತ್ತಮ ಹಬ್ಬಕ್ಕೆ (20:16). ಹಬ್ಬದ ದಿನಗಳಲ್ಲಿ ರೋಮನ್ ಸಿಪಾಯಿಗಳು ದೇವಾಲಯದ ಪಡಸಾಲೆಗಳ ಮೇಲೆ ಕಾವಲು ನಿಲ್ಲುತ್ತಿದ್ದರು. ಅದಕ್ಕೆ ಕೆಲವೇ ವರ್ಷ ಹಿಂದೆ, ಕುಮಾನನು ದೇಶಾಧಿಪತಿಯಾಗಿದ್ದಾಗ, ಕಾವಲಿನ ಸಿಪಾಯಿಯೊಬ್ಬನ ಅಸಭ್ಯ ಚೇಷ್ಟೆಯಿಂದ ಪಸ್ಕಹಬ್ಬದಲ್ಲಿ ಗಲಭೆಯಾಗಿ ಸಾವಿರಾರು ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರೆಂದು ಜೋಸೆಫಸ್ ಬರೆಯುತ್ತಾನೆ. ಪೌಲನನ್ನು ಸಹಸ್ರಾಧಿಪತಿ ಐಗುಪ್ತ್ಯನೆಂದು ಶಂಕಿಸಿದ್ದೂ (21:38) ಸುಮ್ಮನೆ ಅಲ್ಲ. ಎಣ್ಣೇಮರಗಳ ಗುಡ್ಡದಲ್ಲಿ ಜನ ಕೂಡಿಸಿದ ಐಗುಪ್ತ್ಯನೊಬ್ಬ ಫೇಲಿಕ್ಸನ ಸೈನ್ಯಕ್ಕೆ ಸಿಗದೆ ತಪ್ಪಿಸಿಕೊಂಡಿದ್ದ. ಹಿಂಬಾಲಕರ ಸಂಖ್ಯೆ ಇಲ್ಲಿ 4000, ಜೋಸೆಫಸನಲ್ಲಿ 30,000. ಅಂಥ ಸಂಖ್ಯೆಗಳಲ್ಲಿ ಜೋಸೆಫಸನ ಕೈ ಸಡಿಲ.

ಕೊರಡೆಯ ದೃಶ್ಯಕ್ಕೆ (22:24–29) ಹದಿನೈದು ನಿಮಿಷ ಮೀಸಲಿಡಿ. ಅಲ್ಲಿ ಕೊರಡೆ ಶಿಕ್ಷೆಯಲ್ಲ, ಬಾಯಿಬಿಡಿಸುವ ವಿಧಾನ. ಪೌಲ ತಿಂದ ಏಟುಗಳನ್ನು ಬೇರೆ ಬೇರೆ ಮಾಡಿ ತೋರಿಸಿ: ಸಭಾಮಂದಿರದ 39 ಏಟು, ಐದು ಬಾರಿ, ರೋಮನ್ ಅಧಿಕಾರಿಗಳ ಛಡಿಯೇಟು, ಮೂರು ಬಾರಿ, ಕಲ್ಲೆಸೆತ, ಒಂದು ಬಾರಿ. ಇವನ್ನು ಅವನೇ 2 ಕೊರಿಂಥ 11:24–25ರಲ್ಲಿ ಎಣಿಸುತ್ತಾನೆ. ಐದು ಸಭಾಮಂದಿರದ ಶಿಕ್ಷೆಗಳಲ್ಲಿ ಒಂದನ್ನೂ ಅಪೊಸ್ತಲರ ಕೃತ್ಯಗಳು ಹೇಳುವುದಿಲ್ಲ, ಛಡಿಯೇಟಿನಲ್ಲಿ ಫಿಲಿಪ್ಪಿಯದನ್ನು ಮಾತ್ರ ಹೇಳುತ್ತದೆ. ಯೆರೂಸಲೇಮಿನಲ್ಲಿ ಬೀಳಲಿದ್ದ ಕೊರಡೆ ಆ ಏಟುಗಳಿಗಿಂತ ಭೀಕರ, ಅದರಡಿ ಜನ ಸಾಯುತ್ತಿದ್ದರು. ತಾನು ರೋಮನ್ ಪೌರನೆಂದು ಪೌಲ ಹೇಳಿದ್ದರಿಂದ ಅದು ತಪ್ಪಿತು. ರೋಮನ್ ಪೌರನನ್ನು ವಿಚಾರಣೆಯಿಲ್ಲದೆ ಕಟ್ಟಿ ಹೊಡೆಯುವುದನ್ನು ಪೋರ್ಕಿಯನ್ ಮತ್ತು ಜೂಲಿಯನ್ ಕಾನೂನುಗಳು ತಡೆದಿದ್ದವು. ‘ಯಾರು ಬೇಕಾದರೂ ಸುಳ್ಳು ಹೇಳಬಹುದಿತ್ತಲ್ಲ?’ ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರಲಿ: ಸುಳ್ಳು ಪೌರತ್ವ ಹೇಳಿಕೊಂಡವರ ತಲೆಯನ್ನು ಕ್ಲೌದ್ಯ ಚಕ್ರವರ್ತಿ ತೆಗೆಸಿದ್ದ. ಅದೇ ಕ್ಲೌದ್ಯನ ಆಳ್ವಿಕೆಯಲ್ಲಿ ಪೌರತ್ವ ಹಣಕ್ಕೆ ಮಾರಾಟವಾಗುತ್ತಿತ್ತು. ಬಹಳ ಹಣ ಕೊಟ್ಟು ಪಡೆದೆನೆನ್ನುವ ಸಹಸ್ರಾಧಿಪತಿಯ ಹೆಸರು ಕ್ಲೌದ್ಯ ಲೂಸ್ಯ ಎಂದಿರುವುದು ಇದಕ್ಕೆ ಸರಿಹೊಂದುತ್ತದೆ.

ಈ ಕೂಟ ದಾರಿತಪ್ಪುವ ಜಾಗ ಒಂದೇ. ಮೆಟ್ಟಿಲ ಮೇಲಿನ ಭಾಷಣದಲ್ಲಿ ದಮಸ್ಕದ ದಾರಿಯಲ್ಲಿ ಯೇಸು ಪೌಲನಿಗೆ ಕಾಣಿಸಿಕೊಂಡ ಅನುಭವ ಬಂದ ಕೂಡಲೇ ಅಧ್ಯಯನದ ಗುಂಪು ತಮ್ಮ ತಮ್ಮ ನಂಬಿಕೆಯ ಅನುಭವ ಹೇಳಲು ಇಳಿಯುತ್ತದೆ. ಅದನ್ನು ನಾಲ್ಕನೇ ವಾರಕ್ಕೆ ಎತ್ತಿಡಿ. ಇಂದು ಕೇಳಬೇಕಾದದ್ದು ಇಷ್ಟೇ: ಅಲ್ಲಿಯವರೆಗೆ ಮೌನವಾಗಿ ಕೇಳಿದ ಜನ ಯಾವ ಪದಕ್ಕೆ ಸಿಡಿದರು? (22:21–22.)

ಎರಡನೇ ಕೂಟ: ಹಿರೀಸಭೆ, ಸಂಚು, ರಾತ್ರಿ ಪ್ರಯಾಣ (22:30–23:35)

36 ವಚನ, ಓಟ ಚುರುಕು. ಹಿರೀಸಭೆಯನ್ನು, ಅಂದರೆ ಯೆಹೂದ್ಯರ ಉನ್ನತ ನ್ಯಾಯಸಭೆಯನ್ನು, ಕೂಡಿಸಿದವನು ರೋಮನ್ ಅಧಿಕಾರಿ, ಆರೋಪವೇನೆಂದು ತಿಳಿಯಲು. ತಿಳಿಯುವುದಿಲ್ಲ. ಪೌಲ ಪುನರುತ್ಥಾನದ ಮಾತೆತ್ತಿದ ಕೂಡಲೇ ಅದನ್ನು ನಂಬುವ ಫರಿಸಾಯರೂ ನಂಬದ ಸದ್ದುಕಾಯರೂ ತಮ್ಮತಮ್ಮೊಳಗೆ ಹತ್ತಿಕೊಳ್ಳುತ್ತಾರೆ. ಹಾಳೆಯ ಆರೋಪದ ಖಾನೆಯಲ್ಲಿ ದೇವಾಲಯ ಕಾಣೆಯಾಗಿ ಪುನರುತ್ಥಾನ ಬಂದಿದೆ, ಅದನ್ನು ಬರೆಸಿದವನು ಆರೋಪಿಯೇ. ಮಹಾಯಾಜಕನೆಂದು ತಿಳಿಯಲಿಲ್ಲ ಎಂಬ ಪೌಲನ ಮಾತು (23:5) ವ್ಯಂಗ್ಯವೋ ಕಣ್ಣಿನ ದೋಷವೋ ಎಂಬ ಚರ್ಚೆಗೆ ಐದು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ, ಅದು ತೀರುವುದಿಲ್ಲ.

ಪೌಲನನ್ನು ಕೈಸರೈಯಕ್ಕೆ, ಫೇಲಿಕ್ಸನ ಬಳಿಗೆ, ಸಾಗಿಸಿದ ಬೆಂಗಾವಲನ್ನು ಎಣಿಸಿ: 200 ಸಿಪಾಯಿಗಳು, 70 ಕುದುರೆ ಸವಾರರು, 200 ಭರ್ಜಿಯವರು, ಒಟ್ಟು 470. ಪೌಲನನ್ನು ಕೊಲ್ಲುವ ತನಕ ಉಣ್ಣುವುದಿಲ್ಲವೆಂದು ಆಣೆಯಿಟ್ಟು ಕಾದಿರುವವರು ನಲವತ್ತಕ್ಕಿಂತ ಸ್ವಲ್ಪ ಹೆಚ್ಚು. ಹೊರಟದ್ದು ರಾತ್ರಿ ಮೂರನೇ ತಾಸಿಗೆ, ನಮ್ಮ ಒಂಬತ್ತು ಗಂಟೆ. ಅಂತಿಪತ್ರಿಗೆ ಸುಮಾರು 60 ಕಿಲೋಮೀಟರ್, ಅಲ್ಲಿಂದ ಕೈಸರೈಯಕ್ಕೆ ಇನ್ನು 40. ಕಾಲಾಳುಗಳು ಒಂದೇ ರಾತ್ರಿಯಲ್ಲಿ 60 ನಡೆಯುವುದು ಕಷ್ಟ ಎಂದು ಯಾರಾದರೂ ಹೇಳಿದರೆ ಸರಿಯೇ, ವ್ಯಾಖ್ಯಾನಕಾರರೂ ಅಲ್ಲೇ ತಡವರಿಸಿದ್ದಾರೆ.

ಲೂಸ್ಯ ಫೇಲಿಕ್ಸನಿಗೆ ಬರೆದ ಪತ್ರ (23:26–30) ಈ ಕೂಟದ ಮುಖ್ಯ ಕೆಲಸ. ಒಬ್ಬರು ಪತ್ರವನ್ನು, ಇನ್ನೊಬ್ಬರು 21:33 ಮತ್ತು 22:24–29ನ್ನು ಸಾಲು ಸಾಲಾಗಿ ಅಕ್ಕಪಕ್ಕ ಓದಲಿ. ರೋಮನ್ ಪೌರನೆಂದು ತಿಳಿದು ಬಿಡಿಸಿದೆ ಎನ್ನುತ್ತಾನೆ. ನಡೆದದ್ದು ತಿರುಗಾಮುರುಗ: ಮೊದಲು ಎರಡು ಸರಪಣಿ, ಆಮೇಲೆ ಕೊರಡೆಗೆ ಕಟ್ಟಿದ್ದು, ಪೌರತ್ವ ತಿಳಿದದ್ದು ಕೊನೆಗೆ. ಕೊರಡೆಯ ಮಾತೇ ಪತ್ರದಲ್ಲಿಲ್ಲ. ಆದರೂ ಅದೇ ಪತ್ರದ 29ನೇ ವಚನವನ್ನು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ, ಏಕೆಂದರೆ ಮರಣಕ್ಕೂ ಬೇಡಿಗೂ ತಕ್ಕದ್ದೇನೂ ಇಲ್ಲ ಎಂಬ ಅಧಿಕೃತ ಮಾತು ಮೊದಲು ಬರುವುದು ಇಲ್ಲೇ.

ಮೂರನೇ ಕೂಟ: ಫೇಲಿಕ್ಸ, ಫೆಸ್ತ (24:1–25:12)

39 ವಚನ. ಇಡೀ ಮೊಕದ್ದಮೆ ತಿರುಗುವುದು ಇಲ್ಲಿ, ಹಾಗಾಗಿ ಹೊಗಳಿಕೆಯ ಮುನ್ನುಡಿಯಲ್ಲಿ ಸಮಯ ಕಳೆಯದೆ ನೇರವಾಗಿ 24:5–6ಕ್ಕೆ ಹೋಗಿ. ಮಹಾಯಾಜಕನ ಕಡೆಯ ವಕೀಲ ತೆರ್ತುಲ್ಲನ ಆರೋಪಗಳನ್ನು ಮೊದಲ ಕೂಟದ ಸಾಲಿನ ಕೆಳಗೇ ಬರೆಯಿಸಿ, ಎರಡು ವ್ಯತ್ಯಾಸ ಹುಡುಕಲು ಹೇಳಿ.

ಒಂದು: ‘ಗ್ರೀಕರನ್ನು ಕರೆತಂದಿದ್ದಾನೆ’ ಎಂಬುದು ‘ದೇವಾಲಯವನ್ನು ಹೊಲೆಮಾಡುವುದಕ್ಕೆ ಯತ್ನಿಸಿದನು’ ಎಂದಾಗಿದೆ. ತ್ರೊಫಿಮನ ಹೆಸರೇ ಇಲ್ಲ. ಊಹಿಸಿದ ಆಸ್ಯದವರು ನ್ಯಾಯಪೀಠದ ಮುಂದೆ ಬಂದಿಲ್ಲ, ಪೌಲ 24:19ರಲ್ಲಿ ಬೆರಳಿಡುವುದು ಸರಿಯಾಗಿ ಅಲ್ಲಿಗೇ. ಎರಡು: ಹೊಸದೊಂದು ಸೇರಿದೆ, ಲೋಕದಲ್ಲೆಲ್ಲ ಇರುವ ಯೆಹೂದ್ಯರಲ್ಲಿ ದಂಗೆ ಎಬ್ಬಿಸುವ ಪೀಡೆ. ಗಲ್ಲಿಯೋನನ ಆರು ವಚನಗಳನ್ನು ಈಗ ಮತ್ತೆ ಓದಿಸಿ. ಶಾಸ್ತ್ರದ ಜಗಳವನ್ನು ರೋಮನ್ನನು ಕೇಳುವುದಿಲ್ಲ, ದಂಗೆಯನ್ನು ಕೇಳಲೇಬೇಕು. ಕ್ರಿ.ಶ. 41ರಲ್ಲಿ ಅಲೆಕ್ಸಾಂಡ್ರಿಯದವರಿಗೆ ಬರೆದ ಪತ್ರದಲ್ಲಿ ಕ್ಲೌದ್ಯ ಚಕ್ರವರ್ತಿಯೇ ಅಲ್ಲಿನ ಯೆಹೂದ್ಯರಿಗೆ, ಲೋಕಕ್ಕೆಲ್ಲ ರೋಗ ಹಬ್ಬಿಸುವವರಂತೆ ನಿಮ್ಮನ್ನು ದಂಡಿಸಬೇಕಾದೀತು ಎಂದು ಬೆದರಿಸಿದ್ದ. ತೆರ್ತುಲ್ಲ ರೋಮನ್ ಕಿವಿಗೆ ಒಗ್ಗಿದ ಧಾಟಿಯಲ್ಲೇ ಮಾತಾಡುತ್ತಿದ್ದಾನೆ.

ಬಿಟ್ಟುಹೋಗುವ 24:7 ಇಲ್ಲಿ ಉಪಯೋಗಕ್ಕೆ ಬರುತ್ತದೆ. 8ನೇ ವಚನದಲ್ಲಿ ‘ಇವನನ್ನು ವಿಚಾರಿಸಿದರೆ ತಿಳಿಯುತ್ತದೆ’ ಎಂದಿದೆ. 7 ಇರುವ ಪಾಠದಲ್ಲಿ ‘ಇವನು’ ಲೂಸ್ಯ, ಇಲ್ಲದ ಪಾಠದಲ್ಲಿ ಪೌಲ. ಫೇಲಿಕ್ಸ 24:22ರಲ್ಲಿ ಲೂಸ್ಯ ಬರಲಿ ಎಂದು ಮುಂದೂಡುವುದು ಮೊದಲಿನದಕ್ಕೆ ಹೊಂದಿದರೂ, ಆ ಹೊಂದಿಕೆಗೆಂದೇ ಯಾರೋ ಸಾಲು ಸೇರಿಸಿರಬಹುದು.

ಯೆರೂಸಲೇಮಿಗೆ ಬಂದು ಹನ್ನೆರಡು ದಿನಕ್ಕಿಂತ ಹೆಚ್ಚಾಗಿಲ್ಲ ಎಂದು ಪೌಲ ಹೇಳುವ ಲೆಕ್ಕ (24:11) ಎಲ್ಲ ಗುಂಪಿನಲ್ಲೂ ಜಗಳ ತರುತ್ತದೆ. ಶುದ್ಧೀಕರಣದ ಏಳು ದಿನಕ್ಕೆ 24:1ರ ಐದು ದಿನ ಕೂಡಿಸಿ ಹನ್ನೆರಡು ಎಂದು ಮುಗಿಸುವವರಿದ್ದಾರೆ. ಆಗ ಯಾಕೋಬನ ಭೇಟಿಯ ದಿನವೂ ಹಿರೀಸಭೆಯ ದಿನವೂ ಸಂಚಿನ ದಿನವೂ ಲೆಕ್ಕದಿಂದ ಹೊರಗುಳಿಯುತ್ತವೆ. ಪೌಲ ಯೆರೂಸಲೇಮಿನಲ್ಲಿದ್ದ ದಿನಗಳನ್ನಷ್ಟೇ ಹೇಳುತ್ತಿದ್ದಾನೆ ಎಂದುಕೊಂಡರೆ ಹೆಚ್ಚು ಸಲೀಸು. ದಂಗೆಗೆ ಸಂಚು ಹೂಡಲು ಸಮಯವೇ ಇರಲಿಲ್ಲ ಎಂಬುದು ಅವನ ವಾದದ ತಿರುಳು.

ಫೇಲಿಕ್ಸನ ಪರಿಚಯ ಎರಡು ವಾಕ್ಯದಲ್ಲಿ ಸಾಕು. ಮೊದಲು ಗುಲಾಮ, ಬಿಡುಗಡೆ ಪಡೆದವನು, ಕ್ಲೌದ್ಯನ ಖಜಾನೆ ನೋಡಿಕೊಳ್ಳುತ್ತಿದ್ದ ಪಲ್ಲಾಸನ ತಮ್ಮ. ರಾಜನ ಅಧಿಕಾರವನ್ನು ಗುಲಾಮನ ಮನಸ್ಸಿನಿಂದ ನಡೆಸಿದ ಎಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಚುಚ್ಚುತ್ತಾನೆ. ಲಂಚದ ಆಸೆಗೆ ಎರಡು ವರ್ಷ ಪೌಲನನ್ನು ಕೈಸರೈಯದಲ್ಲೇ ಇಟ್ಟುಕೊಳ್ಳುತ್ತಾನೆ (24:26–27).

ಫೆಸ್ತನ ದೃಶ್ಯದಲ್ಲಿ ಒಂದೇ ಪ್ರಶ್ನೆ ಮುಖ್ಯ: ಪೌಲ ಈಗಲೇ ಏಕೆ ಚಕ್ರವರ್ತಿಗೆ ಹೇಳಿಕೊಂಡ, ಅಂದರೆ ತನ್ನ ಮೊಕದ್ದಮೆಯನ್ನು ಅವನೇ ಕೇಳಲಿ ಎಂದ? ತೀರ್ಪು ಇನ್ನೂ ಬಂದಿಲ್ಲ. ‘ರೋಮಿಗೆ ಹೋಗುವುದು ದೇವರ ಚಿತ್ತ’ ಎಂದು ತಟ್ಟನೆ ಉತ್ತರ ಬರುತ್ತದೆ, 23:11 ನೋಡಿದರೆ ತಪ್ಪೂ ಅಲ್ಲ. ಆದರೆ 25:3 ಮತ್ತು 25:9ನ್ನು ಒಟ್ಟಿಗೆ ಓದಿಸಿ. ಯೆರೂಸಲೇಮಿಗೆ ಬರುತ್ತೀಯಾ ಎಂದು ಫೆಸ್ತ ಕೇಳುತ್ತಾನೆ, ದಾರಿಯಲ್ಲಿ ಕೊಲ್ಲುವವರು ಕಾದಿದ್ದಾರೆ. ತಪ್ಪಿಸಿಕೊಳ್ಳಲು ಪೌರನಿಗಿದ್ದ ಕಾನೂನಿನ ಬಾಗಿಲು ಅದೊಂದೇ. ಆಗಿನ ಚಕ್ರವರ್ತಿ ನೀರೋ ಎಂದು ಹೇಳಲು ಮರೆಯಬೇಡಿ, ಕ್ರೈಸ್ತರ ಮೇಲೆ ಅವನ ಕೈ ಎದ್ದದ್ದು ಕ್ರಿ.ಶ. 64ರಲ್ಲಿ ರೋಮಿಗೆ ಬಿದ್ದ ಬೆಂಕಿಯ ನಂತರ ಎಂಬುದನ್ನೂ.

ನಾಲ್ಕನೇ ಕೂಟ: ಅಗ್ರಿಪ್ಪನ ಮುಂದೆ (25:13–26:32)

47 ವಚನ ಇದ್ದರೂ ಕಾನೂನಿನ ದೃಷ್ಟಿಯಿಂದ ಇದು ವಿಚಾರಣೆಯೇ ಅಲ್ಲ, ಕಡತ ಆಗಲೇ ರೋಮಿನ ಕಡೆ ಮುಖ ಮಾಡಿದೆ. ಇದನ್ನು ಮೊದಲೇ ಹೇಳದಿದ್ದರೆ 26:32ನ್ನು ಗುಂಪು ತೀರ್ಪೆಂದು ತಿಳಿಯುತ್ತದೆ.

ಎತ್ತಿಟ್ಟಿದ್ದ ದಮಸ್ಕದ ದಾರಿಯನ್ನು ಈಗ ತೆಗೆಯಿರಿ. ಮೂವರಿಗೆ 9:1–19, 22:3–21, 26:9–18 ಹಂಚಿ, ಹತ್ತು ನಿಮಿಷ ಕೊಡಿ. ಯೆರೂಸಲೇಮಿನ ಜನರ ಮುಂದೆ ಪೌಲನ ಗುರು ಗಮಲಿಯೇಲನ ಹೆಸರಿದೆ, ಶಾಸ್ತ್ರನಿಷ್ಠ ಅನನೀಯನಿದ್ದಾನೆ, ದೇವಾಲಯದಲ್ಲಿ ಕಂಡ ದರ್ಶನವಿದೆ. ಅಗ್ರಿಪ್ಪನ ಮುಂದೆ ಇವು ಮೂರೂ ಇಲ್ಲ, ಮುಳ್ಳುಗೋಲನ್ನು ಒದೆಯುವ ಮಾತು ಬಂದಿದೆ. ಜೊತೆಗಿದ್ದವರು ಧ್ವನಿ ಕೇಳಿದರೋ (9:7) ಇಲ್ಲವೋ (22:9) ಎಂಬುದು ಮೇಲೆದ್ದರೆ ಒಪ್ಪಿಕೊಂಡು ಮುಂದೆ ಸಾಗಿ. ಯಾರ ಮುಂದೆ ಯಾವುದನ್ನು ಬಿಟ್ಟ ಎಂಬುದರಲ್ಲಿ ಕಲಿಯುವುದು ಹೆಚ್ಚಿದೆ.

ಕೊನೆಯ ಅರ್ಧ ಗಂಟೆ ಬರವಣಿಗೆಗೆ. ಫೆಸ್ತನ ಕಷ್ಟ 25:26–27ರಲ್ಲಿದೆ: ಕೈದಿಯ ಜೊತೆ ಚಕ್ರವರ್ತಿಗೆ ಆರೋಪ ಬರೆದು ಕಳಿಸಬೇಕು, ಬರೆಯಲು ಖಚಿತವಾದದ್ದೇನೂ ಇಲ್ಲ. ಇಬ್ಬಿಬ್ಬರಾಗಿ ಕೂತು ಆ ಪತ್ರವನ್ನು ಹತ್ತು ಸಾಲಿನಲ್ಲಿ ಬರೆಯಲಿ. ಮಾದರಿಗೆ ಲೂಸ್ಯನ ಐದು ವಚನಗಳು: ಯಾರಿಂದ ಯಾರಿಗೆ, ಕೈದಿ ಯಾರು, ಹಿಡಿದವರು ಯಾರು, ಆರೋಪವೇನು, ನನ್ನ ಅಭಿಪ್ರಾಯವೇನು. ಬಹುಪಾಲು ಜನ ಫೆಸ್ತನ ಬಾಯಲ್ಲಿ ಪ್ರಸಂಗ ಮಾಡಿಸಿಬಿಡುತ್ತಾರೆ. ಯೇಸುವಿನ ವಿಷಯದಲ್ಲಿ ಅವನಿಗೆ ತಿಳಿದದ್ದು 25:19ರಷ್ಟೇ, ಸತ್ತುಹೋದ ಯಾರೋ ಒಬ್ಬನನ್ನು ಪೌಲ ಬದುಕಿದ್ದಾನೆ ಎನ್ನುತ್ತಾನೆ. ಅದಕ್ಕಿಂತ ಹೆಚ್ಚು ಬರೆದವರು ಹೊಡೆದುಹಾಕಲಿ. ಆರೋಪದ ಜಾಗದಲ್ಲಿ ‘ದಂಗೆ’ ಎಂದು ಬರೆದ ಜೋಡಿಯನ್ನು ಗೋಡೆಯ ಹಾಳೆಯ ಹತ್ತಿರ ಕರೆದು ಸಾಕ್ಷಿಯ ಖಾನೆ ಓದಿಸಿ. ‘ದೇವಾಲಯ’ ಎಂದು ಬರೆದವರಿಗೂ ಅದೇ. ರೋಮಿನಲ್ಲಿ ಏನಾಯಿತು ಎಂದು ಕೇಳಿದವರಿಗೆ 28:30–31 ತೋರಿಸಿ: ಬಾಡಿಗೆ ಮನೆಯಲ್ಲಿ ಎರಡು ವರ್ಷ ಕಾವಲು, ತೀರ್ಪಿನ ಮಾತಿಲ್ಲ. ನೀರೋನ ಕಾಲದಲ್ಲಿ ತಲೆ ಕಡಿಸಿದರೆಂಬುದು ಸಭೆಯ ಹಳೆಯ ಪರಂಪರೆ, ಈ ಪುಸ್ತಕದ ಒಳಗಿನದಲ್ಲ. ಆದ್ದರಿಂದ ಹಾಳೆಯ ಕೊನೆಯ ಸಾಲಿನಲ್ಲಿ ‘ಏನಾಯಿತು’ ಎಂಬ ಖಾನೆಯನ್ನು ತುಂಬಿಸದೆ ಬಿಡಿ.